ಭಾವ ಕಲಿತ ಸಮಾಧಾನ

ಭಾವ ಬೀಸಿದ ಸ್ಪ್ಯಾನರ್ ಅಕ್ಕನ ಹುಬ್ಬಿಗೆ ಬಡಿದದ್ದು ಒಂದು ಭಾನುವಾರದ ಮಧ್ಯಾಹ್ನ. ಗುರಿಯಿಟ್ಟು ಎಸೆದದ್ದೇನಲ್ಲ. ಅಡುಗೆಮನೆಯ ನಲ್ಲಿ ಬಿಚ್ಚಿಕೊಂಡು ಕೂತಿದ್ದವನು, ಅಕ್ಕ ಹಿಂದಿನಿಂದ ಏನೋ ಅಂದಳೆಂದು ಕಿವಿಯವರೆಗೂ ಕೆಂಪಾಗಿ, ಕೈಯಲ್ಲಿದ್ದುದನ್ನು ಹಾಗೇ ಬೀಸಿದ್ದ. ಗೋಡೆಗೆ ಬಡಿಯಬೇಕಾದದ್ದು ಹಣೆಗೆ ಬಡಿಯಿತು.

ತಂಗಿ ಆಸ್ಪತ್ರೆಗೆ ಓಡಿ ಬಂದಾಗ ಅಕ್ಕ ಬೆಂಚಿನ ತುದಿಯಲ್ಲಿ ಕೂತು ಟವೆಲನ್ನು ಹಣೆಗೆ ಒತ್ತಿಕೊಂಡಿದ್ದಳು. ಟವೆಲಿನ ಬಣ್ಣ ಮೊದಲು ಯಾವುದಿತ್ತೋ ಹೇಳಲಾಗುತ್ತಿರಲಿಲ್ಲ.

“ಈಜುಕೊಳದ ಮೆಟ್ಟಿಲಲ್ಲಿ ಜಾರಿದೆ ಅಂದಿದೀನಿ. ಯಾರಾದ್ರೂ ಕೇಳಿದ್ರೆ ನೀನೂ ಹಾಗೇ ಹೇಳು.”

“ಅಕ್ಕಾ, ಪೊಲೀಸರ ಹತ್ರ ಹೋಗೋಣ. ಇದು ಎಷ್ಟನೇ ಸಲ?”

“ಹುಚ್ಚಾ ನಿನಗೆ? ಅವರೇನು ಬೇಕಂತ ಹೊಡೆದ್ರಾ? ಕೋಪ ಪುಟ್ಟಿ, ಬರೀ ಕೋಪ. ಅದು ಬಂದಾಗ ಅವರು ಅವರಾಗಿರಲ್ಲ. ಆಮೇಲೆ ಮಗು ಥರ ಅಳ್ತಾರೆ, ನನ್ನ ಕಾಲು ಹಿಡ್ಕೋತಾರೆ.” ಅಕ್ಕ ಟವೆಲನ್ನು ಮಡಚಿ ಒಣಗಿದ ಭಾಗವನ್ನು ಹುಡುಕಿದಳು. “ನಿನ್ನ ಕೆಲಸಾನೇ ಅದಲ್ವಾ? ಊರವರ ಕೋಪ ಎಲ್ಲಾ ಇಳಿಸ್ತೀಯ. ನಮ್ಮನೇದು ಇಳಿಸೋಕೆ ಆಗಲ್ವಾ?”

ತಂಗಿಯ ಕೆಲಸ ಅದೇ ಆಗಿತ್ತು. ಅವಳು ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮನಶ್ಶಾಸ್ತ್ರಜ್ಞೆ. ಆತಂಕ, ಖಿನ್ನತೆ, ಹತೋಟಿ ಮೀರಿದ ಸಿಟ್ಟು, ಈ ಮೂರರ ಬೇರೂ ಒಂದೇ ಎಂಬುದು ಅವಳ ಸಂಶೋಧನೆಯ ತಿರುಳು. ಮನಸ್ಸಿನಲ್ಲಿ ಏಳುವ ಭಾವವನ್ನು ಗುರುತಿಸಲು, ಹೆಸರಿಟ್ಟು ಕರೆಯಲು, ಅದರ ಬಿಸಿ ಆರಿಸಲು ಯಾರೂ ನಮಗೆ ಕಲಿಸಿಲ್ಲ. ಕಲಿಸಿದರೆ ಅಂಜುವವನ ಅಂಜಿಕೆಯೂ ಹೊಡೆಯುವವನ ಹೊಡೆತವೂ ತಾನಾಗಿ ಇಳಿಯುತ್ತವೆ ಎಂದು ಅವಳು ನಂಬಿದ್ದಳು. ಅದಕ್ಕಾಗಿ ಮೂರು ತಿಂಗಳ ಒಂದು ತರಬೇತಿಯನ್ನು ತಾನೇ ಕಟ್ಟಿದ್ದಳು. ವಾರಕ್ಕೊಮ್ಮೆ ಹತ್ತು ಹನ್ನೆರಡು ಜನ ಒಂದು ಕೋಣೆಯಲ್ಲಿ ಸುತ್ತ ಕೂರುತ್ತಿದ್ದರು. ಕೈಗೆ ಗಡಿಯಾರದಂಥ ಒಂದು ಪಟ್ಟಿ. ಎದೆಬಡಿತ ಏರಿದರೆ ಅದರಲ್ಲಿ ಕೆಂಪು ದೀಪ, ಇಳಿದರೆ ಹಸಿರು. ಅದನ್ನು ಮನೆಯಲ್ಲೂ ಕಟ್ಟಿಕೊಂಡಿರುತ್ತಿದ್ದರು, ಬಡಿತವೆಲ್ಲ ಅದರಲ್ಲೇ ದಾಖಲಾಗುತ್ತಿತ್ತು.

ಸಂಬಂಧಿಕರನ್ನು ಸೇರಿಸಿಕೊಳ್ಳಬಾರದೆಂಬ ನಿಯಮವಿತ್ತು. ಆದರೆ ಆ ವರ್ಷ ಗುಂಪಿಗೆ ಜನ ಸಾಲದಿದ್ದುದರಿಂದ, ಅವಳ ಮೇಲಿನ ಪ್ರೊಫೆಸರ್ ನೋಡಿಯೂ ನೋಡದವರಂತಿದ್ದರು. ತಂಗಿಯೂ ನಿಯಮದ ಮಾತನ್ನು ಎರಡನೆಯ ಸಲ ಎತ್ತಲಿಲ್ಲ. ಅವಳಿಗೆ ಅಕ್ಕನ ಹಣೆಯ ಹೊಲಿಗೆಗಳೇ ಕಣ್ಣಿಗೆ ಕಟ್ಟಿದ್ದವು. ಅಮ್ಮ ತೀರಿಕೊಂಡ ಮೇಲೆ ಅವಳನ್ನು ಎತ್ತಿ ಆಡಿಸಿದವಳು, ಜಡೆ ಹೆಣೆದವಳು, ನೀರಿಗೆ ಇಳಿಸಿ ಈಜು ಕಲಿಸಿದವಳು ಹತ್ತು ವರ್ಷ ದೊಡ್ಡವಳಾದ ಈ ಅಕ್ಕ. ಈಗ ನಗರಸಭೆಯ ಈಜುಕೊಳದಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಳು. ಅವಳ ಒಂದು ಸೀಟಿಗೆ ನೂರು ಮಕ್ಕಳು ಗಪ್‌ಚಿಪ್ಪಾಗುತ್ತಿದ್ದರು.

ಭಾವ ಲಿಫ್ಟ್ ಮೆಕ್ಯಾನಿಕ್. ಎತ್ತರದ ಆಳು, ಮಾತಿನಲ್ಲಿ ಚುರುಕು. ತರಬೇತಿಯ ಮೊದಲ ದಿನವೇ ಎಲ್ಲರನ್ನೂ ಗೆದ್ದುಬಿಟ್ಟ.

“ಜನರನ್ನು ಮೇಲಕ್ಕೆ ಕಳಿಸೋದೇ ನನ್ನ ಕಸುಬು,” ಎಂದು ತನ್ನ ಪರಿಚಯ ಹೇಳಿಕೊಂಡ. ಕೋಣೆಯೆಲ್ಲ ನಕ್ಕಿತು. ಬಿಳಿ ಹಲಗೆಯ ಮೇಲೆ ತಂಗಿ ‘ಭಾವ ನಿಯಂತ್ರಣ’ ಎಂದು ಬರೆದಾಗ ಕೈ ಎತ್ತಿ, “ಮೇಡಂ, ಇದು ನನ್ನನ್ನೇ ಕಟ್ಟಿಹಾಕೋ ಕ್ಲಾಸ್ ಅಂತ ಮೊದಲೇ ಹೇಳಬಾರದಿತ್ತಾ?” ಎಂದ. ಅವನು ಅವಳ ಭಾವ ಎಂದು ಗೊತ್ತಿಲ್ಲದವರೂ ಅವನು ಹೇಳಿದ ಧಾಟಿಗೇ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕಲಿಯುವುದರಲ್ಲೂ ಅವನದೇ ಮುಂದಾಳತ್ವ. ಕೋಪದ ಮೊದಲ ಸುಳಿವು ಮೈಯಲ್ಲಿ ಎಲ್ಲಿ ಕಾಣುತ್ತದೆ ಎಂದರೆ, ಉಳಿದವರು ತಡಕಾಡುವಾಗ ಅವನು, “ಕತ್ತಿನ ಹಿಂದೆ, ಕೂದಲು ಶುರುವಾಗೋ ಜಾಗದಲ್ಲಿ,” ಎಂದು ಬೆರಳಿಟ್ಟು ತೋರಿಸಿದ. ಉಸಿರನ್ನು ನಿಧಾನವಾಗಿ ಹೊರಬಿಡುವುದು, ‘ಈಗ ನನಗೆ ಸಿಟ್ಟು ಬರ್ತಿದೆ’ ಎಂದು ತನಗೆ ತಾನೇ ಹೇಳಿಕೊಳ್ಳುವುದು, ನಡೆದದ್ದನ್ನು ಇನ್ನೊಂದು ಕಡೆಯಿಂದ ನೋಡುವುದು, ಆಮೇಲೆ ತನ್ನನ್ನೇ ಹಳಿದುಕೊಳ್ಳದೆ ಮುಂದಕ್ಕೆ ಹೋಗುವುದು. ಒಂದೊಂದನ್ನೂ ಮೋಟಾರಿನ ಭಾಗ ಬಿಚ್ಚಿ ಜೋಡಿಸುವವನ ಹಾಗೆ ಕಲಿತ. ಬೇಕೆಂದೇ ರೇಗಿಸುವ ಆಟವಾಡಿಸಿದರೆ ಅವನ ಪಟ್ಟಿಯ ಕೆಂಪು ದೀಪ ಮಿಕ್ಕೆಲ್ಲರಿಗಿಂತ ಬೇಗ ಹಸಿರಾಗುತ್ತಿತ್ತು.

ಮೂರು ತಿಂಗಳು ಕಳೆಯುವ ಹೊತ್ತಿಗೆ ಅಕ್ಕನ ಮುಖದಲ್ಲಿ ಒಂದು ಹೊಸ ಗೀರೂ ಇರಲಿಲ್ಲ. ಮೊದಲೆಲ್ಲ ಮೊಣಕೈಗೋ ಕೆನ್ನೆಗೋ ಏಟು ಬಿದ್ದಾಗ ನೆಗಡಿಯ ನೆಪ ಹೇಳಿ ನೀರಿಗಿಳಿಯದೆ ದಡದಲ್ಲೇ ನಿಂತು ಪಾಠ ಮಾಡುತ್ತಿದ್ದವಳು ಈಗ ದಿನವೂ ಈಜುಡುಗೆ ತೊಟ್ಟು ಮಕ್ಕಳ ಮಧ್ಯೆ ಇರುತ್ತಿದ್ದಳು. ತಂಗಿ ಒಂದು ಮಧ್ಯಾಹ್ನ ಗ್ಯಾಲರಿಯ ಗಾಜಿನ ಹಿಂದೆ ನಿಂತು ನೋಡಿದಳು. ತೋಳು, ತೊಡೆ, ಕತ್ತು, ಬೆನ್ನಿನ ಮೇಲ್ಭಾಗ ಎಲ್ಲ ಒದ್ದೆಯಾಗಿ ಬೆಳಕಿಗೆ ಮಿನುಗುತ್ತಿದ್ದವು. ಒಂದು ಕಲೆಯೂ ಇಲ್ಲ.

ಆದರೆ ಅಕ್ಕನಿಗೆ ಬೇರೊಂದು ತೊಂದರೆ ಹತ್ತಿಕೊಂಡಿತ್ತು. “ಮನೇಲಿದ್ದಾಗ ನಮ್ಮ ಮಹಡೀಲಿ ಲಿಫ್ಟ್ ನಿಂತ ಸದ್ದಾದ್ರೆ ಸಾಕು, ಎದೆ ಡವಡವ ಅನ್ನುತ್ತೆ. ಕೈ ಬೆವರುತ್ತೆ. ಎದ್ದು ಓಡಿಹೋಗಬೇಕು ಅನ್ಸುತ್ತೆ. ಇದಕ್ಕೂ ಏನಾದ್ರೂ ಇದ್ಯಾ ನಿನ್ನ ಹತ್ರ?”

“ಭಾವನ ಕೋಪ ಈಗ ಹೇಗಿದೆ?”

“ಕೋಪಾನೇ ಮಾಡ್ಕೊಳ್ಳಲ್ಲ.” ಅಕ್ಕ ಕಿಟಕಿಯ ಕಡೆ ನೋಡುತ್ತ ಹೇಳಿದಳು. “ಒಂದು ಸಲಾನೂ ಕೂಗಾಡಿಲ್ಲ.”

ತಂಗಿ ಅಷ್ಟಕ್ಕೇ ನಿಂತಳು. ಅಪಾಯ ಕಳೆದಿದೆ, ಅಕ್ಕನ ದೇಹಕ್ಕೆ ಅದಿನ್ನೂ ಗೊತ್ತಾಗಿಲ್ಲ ಎಂದು ಲೆಕ್ಕ ಹಾಕಿದಳು. ಹಳೆಯ ಭಯ ಕೆಲವು ದಿನ ಸುಳ್ಳು ಗಂಟೆ ಬಾರಿಸುತ್ತಲೇ ಇರುತ್ತದೆ ಎಂದು ಸಮಾಧಾನ ಹೇಳಿದಳು. ಭಾವನಿಗೆ ಕಲಿಸಿದ ಉಸಿರನ್ನೇ ಅಕ್ಕನಿಗೂ ಕಲಿಸಿದಳು. “ಎದ್ದು ಓಡಬೇಕು ಅನ್ಸಿದಾಗ ಓಡಬೇಡ. ಅಲ್ಲೇ ಕೂತ್ಕೋ. ಭುಜ ಸಡಿಲ ಬಿಡು. ಇದು ಬರೀ ಭಯ, ನನಗೆ ಏನೂ ಆಗಲ್ಲ ಅಂತ ಹೇಳ್ಕೋ.” ಅಕ್ಕ ತಲೆಯಾಡಿಸಿದಳು. ಕೆಲವು ವಾರಗಳ ಮೇಲೆ ಕೇಳಿದಾಗ, “ಈಗ ಕೂತೇ ಇರ್ತೀನಿ. ಎದೆ ಹೊಡ್ಕೊಳ್ಳಲ್ಲ,” ಎಂದಳು.

ಅಧ್ಯಯನದ ಫಲವನ್ನು ತಂಗಿ ದೊಡ್ಡದೊಂದು ಸಭೆಯಲ್ಲಿ ಪರದೆಯ ಮೇಲೆ ತೋರಿಸಿದಳು. ಹೆಸರಿಲ್ಲದ ಒಬ್ಬ ವ್ಯಕ್ತಿಯ ಎದೆಬಡಿತದ ಗೆರೆ ಮೇಲಕ್ಕೇರಿ, ಹಾವು ಬಿಲಕ್ಕಿಳಿದಂತೆ ನುಣ್ಣಗೆ ಇಳಿಯುತ್ತಿತ್ತು. “ಇದು ಮನೆಯಲ್ಲಿ, ನಿಜವಾದ ಜಗಳದ ಮಧ್ಯೆ ದಾಖಲಾದದ್ದು,” ಎಂದಳು. ಜನ ಚಪ್ಪಾಳೆ ತಟ್ಟಿದರು. ಪ್ರೊಫೆಸರ್ ಭುಜ ತಟ್ಟಿದರು.

ಅದಾದ ವಾರವೇ ಈಜುಕೊಳದಲ್ಲಿ ಅಕ್ಕ ಮುಳುಗಿದಳು.

ತಂಗಿ ಅವತ್ತು ಊಟಕ್ಕೆ ಜೊತೆಯಾಗಿ ಹೋಗೋಣವೆಂದು ಬಂದು ಗ್ಯಾಲರಿಯಲ್ಲಿ ಕಾಯುತ್ತಿದ್ದಳು. ಹೊಸದಾಗಿ ಸೇರಿದ ಒಬ್ಬ ಹುಡುಗಿ ಆಳದ ಭಯಕ್ಕೆ ಅಕ್ಕನ ಕತ್ತಿಗೆ ಜೋತುಬಿದ್ದು ಕಾಲು ಝಾಡಿಸಿದಳು. ಹಿಮ್ಮಡಿ ಪಕ್ಕೆಗೆ ಬಡಿಯಿತು. ಏಳೆಂಟು ವರ್ಷದ ಮಗುವಿನ ಒದೆತ, ಅಂಥ ನೂರು ಒದೆತ ತಿಂದವಳು ಅಕ್ಕ. ಆದರೆ ಅವಳ ಬಾಯಿ ಅಗಲವಾಗಿ ತೆರೆದುಕೊಂಡಿತು, ಸದ್ದು ಬರಲಿಲ್ಲ. ಹುಡುಗಿಯನ್ನು ದಡದ ಕಡೆ ನೂಕಿ, ಕಲ್ಲು ಇಳಿದಂತೆ ತಳಕ್ಕಿಳಿದಳು.

ಕಾವಲಿನ ಈಜುಗಾರ ಹಾರಿ ಮೇಲೆತ್ತಿ ತಂದ. ಬಟ್ಟೆ ಬದಲಿಸುವ ಕೋಣೆಯ ನೆಲದ ಮೇಲೆ ಮಲಗಿಸಿದರು. ಉಸಿರಿತ್ತು, ಆದರೆ ಪ್ರತಿ ಉಸಿರಿಗೂ ನರಳಾಟ. ಈಜುಕೊಳದ ನರ್ಸ್ ಕತ್ತರಿ ತಂದು ಈಜುಡುಗೆಯನ್ನು ಎದೆಯಿಂದ ಕೆಳಕ್ಕೆ ಸೀಳಿದಳು.

ಗ್ಯಾಲರಿಯಿಂದ ಓಡಿ ಬಂದ ತಂಗಿ ಬಾಗಿಲಲ್ಲೇ ನಿಂತಳು.

ಎದೆಯ ಕೆಳಗಿನಿಂದ ಸೊಂಟದವರೆಗೆ ಅಕ್ಕನ ಮೈಗೆ ಮೈಯ ಬಣ್ಣವೇ ಇರಲಿಲ್ಲ. ಎಡ ಪಕ್ಕೆ ಕಪ್ಪು, ಹೊಟ್ಟೆ ನೀಲಿ, ಅದರ ಕೆಳಗೆ ವಾರಗಳ ಹಿಂದಿನ ಹಳದಿ, ಹಳದಿಯ ಮೇಲೆ ಮತ್ತೆ ಹೊಸ ಕೆಂಪು. ಎಲ್ಲವೂ ಬಟ್ಟೆಯ ಅಂಚಿನೊಳಗೇ ನಿಂತಿದ್ದವು. ಅಂಚಿನಾಚೆಗೆ ಒಂದು ಬೆರಳಗಲವೂ ದಾಟಿರಲಿಲ್ಲ.

ಆಸ್ಪತ್ರೆಯಲ್ಲಿ ಪಕ್ಕೆಲುಬು ಎರಡು ಕಡೆ ಮುರಿದಿದೆ ಎಂದರು. ನೋವಿನ ಮದ್ದು ಹತ್ತಿದ ಮೇಲೆ ಅಕ್ಕ ಮೇಲಿನ ಸೂರು ನೋಡುತ್ತ, ಸದ್ದೇ ಇಲ್ಲದ ದನಿಯಲ್ಲಿ ಹೇಳಿದಳು.

“ಮೊದಲು ಕೋಪದಲ್ಲಿ ಹೊಡೀತಿದ್ರು, ಪುಟ್ಟಿ. ಅರ್ಧ ಗೋಡೆಗೆ ಬೀಳೋದು. ಈಗ ಏನಾದ್ರೂ ತಪ್ಪಾದ್ರೆ ‘ಹೋಗಿ ನಿಂತ್ಕೋ’ ಅಂತಾರೆ. ಅವರು ಕುರ್ಚಿ ಮೇಲೆ ಕೂತು ಕಣ್ಣು ಮುಚ್ಚಿ ಉಸಿರು ಬಿಡ್ತಾರೆ. ಕೈಯಲ್ಲಿ ಹಸಿರು ದೀಪ ಬರೋವರೆಗೂ ಕಾಯ್ತಾರೆ. ಆಮೇಲೆ ಎದ್ದು ಕೈಗೆ ಟವೆಲ್ ಸುತ್ಕೋತಾರೆ.”

“ಯಾಕೆ ನನಗೆ ಹೇಳ್ಲಿಲ್ಲ?” ತಂಗಿಯ ದನಿ ಒಡೆಯಿತು. “ಯಾಕೆ ಓಡಿ ಬರ್ಲಿಲ್ಲ?”

ಅಕ್ಕ ಮುಖ ತಿರುಗಿಸಿ ಅವಳನ್ನು ನೋಡಿದಳು. ಬೈಗುಳ ಇರಲಿಲ್ಲ ಆ ನೋಟದಲ್ಲಿ, ಬರೀ ಆಶ್ಚರ್ಯವಿತ್ತು.

“ಓಡಬೇಡ, ಕೂತ್ಕೋ ಅಂತ ನೀನೇ ಹೇಳಿದ್ಯಲ್ಲ.”

ತಂಗಿಗೆ ಪರದೆಯ ಮೇಲೆ ತಾನು ತೋರಿಸಿದ ಆ ನುಣ್ಣನೆಯ ಗೆರೆ ನೆನಪಾಯಿತು. ಭಾವನ ಆ ಗೆರೆ ಇಳಿದು ತಳ ಮುಟ್ಟಿದ್ದು ಅವನು ಟವೆಲ್ ಸುತ್ತಿಕೊಳ್ಳಲು ಎದ್ದ ಗಳಿಗೆ ಎಂದು ಈಗ ತಿಳಿಯಿತು. ಹೊರಗೆ ಹೋಗಿ ವಾಂತಿ ಮಾಡಿಕೊಂಡಳು.

ಮಾರನೆಯ ಬೆಳಿಗ್ಗೆ ಅಕ್ಕನ ಬಟ್ಟೆಬರೆ, ಗುರುತಿನ ಚೀಟಿಗಳನ್ನು ತರಲು ಅವರ ಮನೆಗೆ ಹೋದಳು. ಭಾವ ಕೆಲಸಕ್ಕೆ ಹೋಗಿರುತ್ತಾನೆ ಎಂದುಕೊಂಡು ಅಕ್ಕನ ಬೀಗದ ಕೈ ಹಿಡಿದಿದ್ದಳು. ಬಾಗಿಲು ತೆರೆದರೆ ಅವನು ನಡುಮನೆಯ ಮೇಜಿನ ಮುಂದೆ ನಿಂತು ಒಗೆದ ಟವೆಲುಗಳನ್ನು ಮಡಚುತ್ತಿದ್ದ. ಅಂಚಿಗೆ ಅಂಚು ಕೂಡಿಸಿ, ಒಂದರ ಮೇಲೊಂದು.

“ಬಾ ಪುಟ್ಟಿ. ಹೇಗಿದಾಳೆ ನಿಮ್ಮಕ್ಕ? ಆಸ್ಪತ್ರೆಯವರು ನನ್ನನ್ನು ಒಳಗೆ ಬಿಡ್ಲಿಲ್ಲ.”

“ನಾನೇ ಬಿಡಬೇಡಿ ಅಂದೆ.” ಅವಳ ತುಟಿ ಅದುರುತ್ತಿತ್ತು. “ಬಟ್ಟೆ ತಗೊಂಡು ಹೋಗ್ತೀನಿ. ಅವಳು ಇನ್ನು ಇಲ್ಲಿಗೆ ಬರಲ್ಲ.”

ಭಾವ ಅವಳನ್ನು ದಾಟಿ ಹೋಗಿ ಬಾಗಿಲು ಹಾಕಿ ಚಿಲಕ ಜಡಿದ. ಅವಸರವಿಲ್ಲ. “ನಡುಗ್ತಾ ಇದೀಯ. ಇಂಥ ಹೊತ್ತಲ್ಲಿ ಮಾತು ಬೇಡ ಅಂತ ನೀನೇ ಹೇಳಿಕೊಟ್ಟಿದ್ದು. ಕೂತ್ಕೋ. ಮೊದಲು ಉಸಿರು ಬಿಡು.”

“ಯಾಕೆ ಹೊಡೀತೀರಿ?” ಅವಳು ಕಿರುಚಿದಳು. “ಕೋಪಾನೂ ಇಲ್ದೆ ಯಾಕೆ ಹೊಡೀತೀರಿ?”

ಅವನು ಯೋಚಿಸಿದ. ಮನಸ್ಸಿಟ್ಟು, ತರಗತಿಯಲ್ಲಿ ಯೋಚಿಸುತ್ತಿದ್ದ ಹಾಗೆಯೇ.

“ಹೊಡೆಯೋಕೆ ಕೋಪ ಯಾಕೆ ಬೇಕು? ಅವಳು ನಾನು ಹೇಳಿದ ಹಾಗೆ ಇರಬೇಕು, ಅಷ್ಟೇ. ಅದು ಮೊದಲೂ ಅಷ್ಟೇ, ಈಗ್ಲೂ ಅಷ್ಟೇ. ಮೊದಲು ಹೊಡೆದಾದ ಮೇಲೆ ನನಗೇ ಅಳು ಬರೋದು. ಅವಳ ಕಾಲು ಹಿಡೀಬೇಕಾಗೋದು. ನಾಚಿಕೆ. ಈಗ ಅಳು ಬರಲ್ಲ. ನಿನ್ನ ಪುಣ್ಯ.”

ಮಡಚಿಟ್ಟ ಟವೆಲುಗಳಲ್ಲಿ ಮೇಲಿನದನ್ನು ಬಿಡಿಸಿ ಬಲಗೈಗೆ ಸುತ್ತತೊಡಗಿದ. ಅದನ್ನು ನೋಡಿಯೂ ತಂಗಿಗೆ ನಂಬಿಕೆ ಬರಲಿಲ್ಲ. ಇಷ್ಟು ವರ್ಷ ಸಿಟ್ಟಿನ ಕತೆಗಳನ್ನು ಕೇಳಿದವಳು ಅವಳು. ಸಿಟ್ಟಿಲ್ಲದ ಮುಖ ತನ್ನ ಕಡೆ ನಡೆದು ಬರುವಾಗ ಏನು ಮಾಡಬೇಕೆಂಬುದೇ ತೋಚಲಿಲ್ಲ.

ಮೊದಲ ಏಟು ಹೊಟ್ಟೆಯ ಮಧ್ಯಕ್ಕೆ ಬಿತ್ತು. ಒಳಗಿದ್ದ ಗಾಳಿಯೆಲ್ಲ ಒಂದೇ ಸಲ ಹೊರಬಿದ್ದು ಮಂಡಿ ಕುಸಿಯಿತು. ಕೂದಲು ಹಿಡಿದು ಎತ್ತಿ ನಿಲ್ಲಿಸಿದ. ಎರಡನೆಯದು ಅದೇ ಜಾಗಕ್ಕೆ, ಅಳತೆ ಹಿಡಿದಂತೆ. “ನಿಮ್ಮಕ್ಕ ಮನೆಗೆ ಬರ್ತಾಳೆ. ನೀನೇ ಕರ್ಕೊಂಡು ಬರ್ತೀಯ,” ಎಂದ. ದಿನಸಿ ತರಲು ಹೇಳುವ ದನಿ.

ಉಸಿರು ಮರಳಿದ ಕೂಡಲೇ ತಂಗಿ ಅರಚಿಕೊಂಡಳು. ಅದು ಮಾತಲ್ಲ, ಕೂಗೂ ಅಲ್ಲ. ಬಲೆಗೆ ಬಿದ್ದ ಪ್ರಾಣಿಯ ಸದ್ದು. ಗಂಟಲು ಹರಿಯುವಂತೆ, ನಿಲ್ಲಿಸದೆ. ಅವನ ಮುಖದಲ್ಲಿ ಮೊದಲ ಬಾರಿಗೆ ಗಾಬರಿ ಕಂಡಿತು. ಅಕ್ಕ ಎಂದೂ ಅರಚಿರಲಿಲ್ಲ. ಎದುರು ಮನೆಯ ಬಾಗಿಲು ತೆರೆದ ಸದ್ದಾಯಿತು. ಅವನು ಅವಳ ಬಾಯಿ ಮುಚ್ಚಲು ಎಡಗೈ ತಂದ. ಅವಳು ಹೆಬ್ಬೆರಳ ಬುಡಕ್ಕೆ ಹಲ್ಲು ಊರಿದಳು. ಮೂಳೆ ಸಿಗುವವರೆಗೂ ಕಚ್ಚಿದಳು. ಬಾಯಿ ತುಂಬ ಉಪ್ಪುಪ್ಪಾಯಿತು. ಅವನು ಕೈ ಕಿತ್ತುಕೊಂಡು ಅವಳನ್ನು ಗೋಡೆಗೆ ಒಗೆದ. ಬಾಗಿಲ ಪಕ್ಕ ಅವನ ಕೆಲಸದ ಪೆಟ್ಟಿಗೆ ತೆರೆದಿತ್ತು. ಕೈಗೆ ಸಿಕ್ಕಿದ ದೊಡ್ಡ ಪೈಪ್ ರೆಂಚನ್ನು ಎರಡೂ ಕೈಯಲ್ಲಿ ಎತ್ತಿ ಅವನ ಬಲಮಂಡಿಗೆ ಬೀಸಿದಳು.

ಒಣ ಸೌದೆ ಮುರಿದ ಸದ್ದು. ಭಾವ ಮೇಜನ್ನೂ ಎಳೆದುಕೊಂಡು ನೆಲಕ್ಕೆ ಬಿದ್ದ. ಟವೆಲುಗಳು ಚೆಲ್ಲಾಪಿಲ್ಲಿಯಾದವು. “ಸಾಕು,” ಎಂದು ಕೈ ಅಡ್ಡ ಹಿಡಿದ. “ಸಾಕು, ಪುಟ್ಟಿ.”

ಬಾಗಿಲು ಒಂದು ಹೆಜ್ಜೆಯ ದೂರದಲ್ಲಿತ್ತು. ಚಿಲಕ ತೆಗೆದು ಹೊರಗೆ ಹೋಗಬಹುದಿತ್ತು. ಅವಳು ಹೋಗಲಿಲ್ಲ. ಅಡ್ಡ ಹಿಡಿದ ಅವನ ಕೈಯ ಸಂದಿ ನೋಡಿ ಮತ್ತೆ ಅದೇ ಮಂಡಿಗೆ ಹೊಡೆದಳು. ಮೈಯೆಲ್ಲ ಹಗುರಾಯಿತು. ಇನ್ನೂ ಹೊಡೆಯಬೇಕೆನಿಸಿತು. ಎದುರು ಮನೆಯ ಮುದುಕ ಬಾಗಿಲು ಗುದ್ದದೆ ಇದ್ದಿದ್ದರೆ ಹೊಡೆದೇ ಇರುತ್ತಿದ್ದಳು.

ಬಾಗಿಲು ತೆರೆದಾಗ ನೆರೆಯವರಿಗೆ ಕಂಡದ್ದು ಇಷ್ಟೇ: ನೆಲದ ಮೇಲೆ ನರಳುವ ಗಂಡಸು, ಬಾಯಿಗೆಲ್ಲ ರಕ್ತ ಮೆತ್ತಿಕೊಂಡು ರೆಂಚ್ ಹಿಡಿದು ನಿಂತ ಹೆಂಗಸು.

ಠಾಣೆಯಲ್ಲೂ ಹಾಗೆಯೇ ಆಯಿತು. ಆಸ್ಪತ್ರೆಯ ಮಂಚದಿಂದಲೇ ಭಾವ ಕೊಟ್ಟ ಹೇಳಿಕೆ ತೊಳೆದಿಟ್ಟಂತಿತ್ತು: ನಾದಿನಿ ಮೊದಲಿನಿಂದಲೂ ಸ್ವಲ್ಪ ದುಡುಕಿನವಳು, ಅಕ್ಕನ ಅಪಘಾತದಿಂದ ತಲೆ ಕೆಟ್ಟಿದೆ, ಅವಳ ಮೇಲೆ ತನಗೆ ದ್ವೇಷವಿಲ್ಲ. ತಂಗಿಗೋ ಒಂದು ವಾಕ್ಯವನ್ನೂ ನೆಟ್ಟಗೆ ಮುಗಿಸಲಾಗಲಿಲ್ಲ. ನಾಲಿಗೆ ತೊದಲುತ್ತಿತ್ತು, ಹಿಂದಿನದು ಮುಂದಾಗುತ್ತಿತ್ತು. ಹೆಂಗಸು ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟು, “ಸ್ವಲ್ಪ ಸಮಾಧಾನ ಮಾಡ್ಕೊಂಡು ಹೇಳಿ ಮೇಡಂ,” ಎಂದಾಗ ತಂಗಿ ಮೇಜಿಗೆ ಹಣೆ ಚಚ್ಚಿಕೊಂಡು ಅತ್ತಳು. ಅವಳನ್ನು ಒಳಗೆ ಕೂರಿಸಿದರು.

ಸಂಜೆಗೆ ಮುಂಚೆ ಅಕ್ಕ ಬಂದಳು. ಯಾರ ಮಾತನ್ನೂ ಕೇಳದೆ, ಆಸ್ಪತ್ರೆಯ ನಿಲುವಂಗಿಯಲ್ಲೇ ಗಾಲಿಕುರ್ಚಿಯಲ್ಲಿ ಕೂತು, ತನ್ನನ್ನು ನೀರಿನಿಂದ ಎತ್ತಿದ ಕಾವಲಿನ ಈಜುಗಾರನ ಕೈಯಲ್ಲಿ ತಳ್ಳಿಸಿಕೊಂಡು ಬಂದಿದ್ದಳು. ಪ್ರತಿ ಹೊಸ್ತಿಲಿಗೂ ಅವಳ ಮುಖ ಕಿವಿಚಿಕೊಳ್ಳುತ್ತಿತ್ತು.

“ಗಂಡಸರನ್ನೆಲ್ಲ ಹೊರಗೆ ಕಳಿಸಿ. ಬಾಗಿಲು ಹಾಕಿ,” ಎಂದಳು ಇನ್‌ಸ್ಪೆಕ್ಟರಿಗೆ. ಆಮೇಲೆ ನಿಲುವಂಗಿಯನ್ನು ಎದೆಯವರೆಗೆ ಎತ್ತಿ ಹಿಡಿದಳು. “ನೋಡಿ. ಮುಟ್ಟಿ ನೋಡಬೇಕಾದ್ರೂ ನೋಡಿ. ಇದು ಅವನು ಮಾಡಿದ್ದು.”

ಮದುವೆಯಾದಂದಿನಿಂದ ಅಕ್ಕ ಗಂಡನನ್ನು ‘ಅವರು’ ಎಂದೇ ಕರೆದವಳು. ಒಳಕೋಣೆಯಿಂದ ಕೇಳಿಸಿಕೊಂಡ ತಂಗಿಗೆ ಯಾರ ಮಾತು ಹೇಳುತ್ತಿದ್ದಾಳೆ ಎಂದು ಒಂದು ಕ್ಷಣ ತಿಳಿಯಲೇ ಇಲ್ಲ.

ಮೊಕದ್ದಮೆ ಎರಡಾಯಿತು, ಒಂದು ಭಾವನ ಮೇಲೆ, ಇನ್ನೊಂದು ತಂಗಿಯ ಮೇಲೆ. ನಡುವಿನ ತಿಂಗಳುಗಳಲ್ಲಿ ಪ್ರೊಫೆಸರ್ ಅವಳನ್ನು ಕರೆಸಿ ಬಾಗಿಲು ಹಾಕಿಕೊಂಡು ಮಾತಾಡಿದರು. “ಆ ಒಬ್ಬನನ್ನು ಲೆಕ್ಕದಿಂದ ತೆಗೆದುಬಿಡು. ಸಂಬಂಧಿಕ ಅನ್ನೋ ಕಾರಣ ಸಾಕು. ಉಳಿದದ್ದು ಗಟ್ಟಿಯಾಗೇ ಇದೆ.”

“ಉಳಿದವರ ಮನೇಲಿ ಏನಾಗ್ತಿದೆ ಅಂತ ನಮಗೆ ಗೊತ್ತಾ ಸರ್?”

“ಎಲ್ಲರೂ ಹಾಗಿರ್ತಾರಾ? ಎಷ್ಟು ಜನ ನಿನ್ನಿಂದ ಬದುಕಿದಾರೆ, ಅದೂ ನಿಜ ತಾನೇ?”

ಅದೂ ನಿಜವಿತ್ತು. ಸಿಟ್ಟಿನ ಗುಂಪಿನಲ್ಲಿದ್ದವರ ಮನೆಗಳಿಗೆ ಅವಳು ತಾನೇ ನಡೆದುಹೋಗಿ, ಅವರಿಲ್ಲದ ಹೊತ್ತು ನೋಡಿ, ಒಳಗಿದ್ದವರನ್ನು ಕೇಳಿದಳು. ಒಬ್ಬ ತಾಯಿ ಅವಳ ಕೈಹಿಡಿದು ಕಣ್ಣಿಗೊತ್ತಿಕೊಂಡಳು. ಮಗ ಈಗ ಮನುಷ್ಯನಾಗಿದ್ದಾನೆ ಎಂದಳು. ಬೇರೆ ಮನೆಗಳಲ್ಲೂ ಇಂಥದೇ ಮಾತು. ಒಂದು ಮನೆಯಲ್ಲಿ ಮಾತ್ರ ಬಾಗಿಲು ಸರಪಳಿಯಷ್ಟೇ ತೆರೆಯಿತು. ಸಂದಿಯಲ್ಲಿ ಒಂದು ಕಣ್ಣು, ಅರ್ಧ ಬಾಯಿ. “ಎಲ್ಲಾ ಚೆನ್ನಾಗಿದೆ. ಅವರು ಈಗ ಕೂಗಾಡೋದೇ ಇಲ್ಲ,” ಎಂದಿತು ಬಾಯಿ. ತಂಗಿ ತನ್ನ ಫೋನ್ ನಂಬರ್ ಬರೆದ ಚೀಟಿಯನ್ನು ಸಂದಿಯಲ್ಲಿ ತೂರಿಸಿದಳು. ಚೀಟಿ ತಿರುಗಿ ಹೊರಬಂತು, ಬಾಗಿಲು ಮುಚ್ಚಿತು. ಅವಳು ಪೊಲೀಸರಿಗೆ ಹೇಳಿದಳು. ಅವರು ಹೋಗಿ ಬಂದು, ಆ ಹೆಂಗಸು ದೂರು ಏನೂ ಇಲ್ಲ ಅಂದಳೆಂದರು. ಆಮೇಲೆ ಆ ಮನೆಯ ಸುದ್ದಿ ಎಂದೂ ತಿಳಿಯಲಿಲ್ಲ.

ನ್ಯಾಯಾಲಯದಲ್ಲಿ ಭಾವನ ವಕೀಲ ತಂಗಿಯ ಸಂಶೋಧನೆಯನ್ನೇ ಅವಳ ಮುಂದೆ ಹಿಡಿದ.

“ನಿಮ್ಮ ತರಬೇತೀಲಿ ಎಲ್ಲರಿಗಿಂತ ಚೆನ್ನಾಗಿ ಕೋಪ ಹತೋಟಿಗೆ ತಂದವರು ಯಾರು?”

“ಅವರೇ.”

“ಸಭೆಯಲ್ಲಿ ಎಲ್ಲರ ಮುಂದೆ ಅವರ ಎದೆಬಡಿತದ ಗೆರೆ ತೋರಿಸಿ ಹೊಗಳಿದ್ರಿ?”

“ಹೌದು.”

“ಹಾಗಿದ್ರೆ ಇಲ್ಲಿ ಕೂತಿರೋ ಇಬ್ಬರಲ್ಲಿ ತನ್ನನ್ನು ತಾನು ಹಿಡಿಯಲಾರದೆ ಹೊಡೆದವರು ಯಾರು ಮೇಡಂ? ಅವರಾ, ನೀವಾ?”

ಭಾವ ಊರುಗೋಲನ್ನು ಪಕ್ಕಕ್ಕೊರಗಿಸಿ, ಕೈಕಟ್ಟಿ ಕೂತಿದ್ದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ನಾನು,” ಎಂದಳು ತಂಗಿ. ಕಟಕಟೆಯ ಮರವನ್ನು ಬಿಗಿಯಾಗಿ ಹಿಡಿದಳು. “ಎರಡನೇ ಸಲ ಹೊಡೆಯೋ ಅಗತ್ಯ ಇರ್ಲಿಲ್ಲ. ಸಿಟ್ಟಿಗೆ ಹೊಡೆದೆ. ಅದಕ್ಕೆ ಶಿಕ್ಷೆ ಕೊಡಿ. ಆದ್ರೆ ಅವರು ಸಿಟ್ಟಿಗೆ ಹೊಡೆದವರಲ್ಲ. ಸಿಟ್ಟು ಇಳಿದ್ರೆ ಹೊಡೆತ ನಿಲ್ಲುತ್ತೆ ಅಂತ ನಾನು ಮೊದಲೇ ಅಂದ್ಕೊಂಡುಬಿಟ್ಟಿದ್ದೆ. ನಿಂತಿದ್ಯಾ ಅಂತ ಹೊಡೆಸ್ಕೊಂಡವಳನ್ನ ಕೇಳಲೇ ಇಲ್ಲ. ಕೋಪ ಹೇಗಿದೆ ಅಂತ ಮಾತ್ರ ಕೇಳಿದೆ.”

ಅಕ್ಕನ ಸರದಿ ಬಂದಾಗ ಅವಳು ಕುರ್ಚಿ ಬೇಡವೆಂದು ನಿಂತೇ ಹೇಳಿದಳು. ಟವೆಲು, ಕುರ್ಚಿ, ದೀಪ. ಹೇಳುವಾಗ ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. ನೀರು ಬೇಕೇ ಎಂದು ನ್ಯಾಯಾಧೀಶರು ಕೇಳಿದರು. “ಬೇಡ. ಭಯ ಆಗ್ತಿದೆ ಅಷ್ಟೇ. ಹೇಳಿ ಮುಗಿಸ್ತೀನಿ,” ಎಂದಳು.

ಭಾವನಿಗೆ ಆರು ವರ್ಷ ಜೈಲಾಯಿತು. ತೀರ್ಪು ಓದುವಾಗಲೂ ಅವನು ತಲೆಯಾಡಿಸುತ್ತ ಕೇಳಿದ, ಕೊನೆಗೆ ತನ್ನ ವಕೀಲನ ಕೈಕುಲುಕಿದ. ತಂಗಿಗೆ ಸೆರೆ ತಪ್ಪಿತು, ಆದರೆ ಎರಡನೆಯ ಏಟು ಅಪರಾಧವೆಂದೇ ದಾಖಲಾಯಿತು. ನಿಯಮ ಮೀರಿ ಸಂಬಂಧಿಕನನ್ನು ಸೇರಿಸಿಕೊಂಡದ್ದಕ್ಕೆ ವಿಶ್ವವಿದ್ಯಾಲಯ ಅವಳನ್ನು ಕೆಲಸದಿಂದ ತೆಗೆದುಹಾಕಿತು. ಪ್ರೊಫೆಸರ್ ತಮಗೇನೂ ತಿಳಿದಿರಲಿಲ್ಲ ಎಂದು ಬರೆದುಕೊಟ್ಟರು.

ಅಕ್ಕ ಈಗ ತಂಗಿಯ ಮನೆಯಲ್ಲೇ ಇದ್ದಳು. ತೀರ್ಪಿನ ದಿನ ಇಬ್ಬರೂ ಮನೆಗೆ ಬಂದು, ಮಧ್ಯಾಹ್ನದ ಬಿಸಿಲಲ್ಲಿ ಅಡುಗೆಮನೆಯ ಮೇಜಿನ ಎದುರುಬದುರು ಕೂತರು. ಹಸಿವಿರಲಿಲ್ಲ. ತಂಗಿ ಗಾಜಿನ ಜಗ್ಗಿನಲ್ಲಿ ನೀರು ತಂದಿಟ್ಟು, ಅಕ್ಕನ ಕೈಮೇಲೆ ಕೈಯಿಟ್ಟಳು.

“ಮುಗೀತು ಅಕ್ಕಾ. ಇನ್ನು ಸಮಾಧಾನ ಮಾಡ್ಕೋ.”

ಅಕ್ಕ ಕೈ ಕಿತ್ತುಕೊಂಡಳು. ಜಗ್ಗನ್ನು ಎತ್ತಿ ಗೋಡೆಗೆ ಅಪ್ಪಳಿಸಿದಳು. ನೀರೂ ಗಾಜೂ ಒಟ್ಟಿಗೆ ಸಿಡಿದವು.

“ಸಮಾಧಾನ! ಇನ್ನೊಂದು ಸಲ ಆ ಮಾತು ಎತ್ತಿದ್ರೆ ನೋಡು!” ಮೇಜು ಸುತ್ತಿ ಬಂದು ತಂಗಿಯ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ನೀರನ್ನು ಸೀಳಿ ಸೀಳಿ ಗಟ್ಟಿಯಾದ ತೋಳುಗಳು. ಭುಜಕ್ಕೆ, ಬೆನ್ನಿಗೆ, ತಲೆಗೆ ಮುಷ್ಟಿ ಬೀಳುತ್ತಿತ್ತು. “ನೀನು ಕಲ್ಸಿದ್ದು! ಅವನಿಗೂ ನೀನೇ, ನನಗೂ ನೀನೇ! ಲಿಫ್ಟ್ ಸದ್ದಾದಾಗ ಓಡು ಓಡು ಅಂತ ಎದೆ ಬಡ್ಕೊಳ್ತಿತ್ತಲ್ಲೇ, ಅದರ ಬಾಯಿ ಮುಚ್ಚಿಸಿದೆಯಲ್ಲೇ! ಕೂತಿದ್ದೆ ಕಣೇ ನಾನು! ಕೂತೇ ಇದ್ದೆ!”

ತಂಗಿ ಮೊದಲು ತಲೆ ತಗ್ಗಿಸಿ ಸುಮ್ಮನೆ ತಿಂದಳು. ತಿನ್ನಬೇಕಾದದ್ದೇ ಎನಿಸಿತು. ಆದರೆ ಒಂದು ಏಟು ಕಿವಿಯ ಮೇಲೆ ಬಿದ್ದು ತಲೆಯೊಳಗೆ ಗುಂಯ್ ಎಂದಾಗ, ಬಾಯಿಂದ ಮಾತು ತಾನಾಗಿ ಬಂತು.

“ಅಕ್ಕಾ, ನೋಯುತ್ತೆ!”

ಎತ್ತಿದ ಕೈ ಅಲ್ಲೇ ನಿಂತಿತು. ಅಕ್ಕ ಏದುಸಿರು ಬಿಡುತ್ತ, ಕೆಂಪಾದ ತನ್ನ ಅಂಗೈಯನ್ನೂ ತಂಗಿಯ ಕಿವಿಯನ್ನೂ ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದಳು.

“ಜೋರಾಗಿ ಬಿತ್ತಾ?”

“ಹೂಂ.”

“ಕೇಳಿಸ್ತಾ ಇದ್ಯಾ ಆ ಕಿವಿ?”

“ಕೇಳಿಸ್ತಿದೆ.”

ಅಕ್ಕ ಕುಸಿದು ಕೂರಹೋದಳು. ತಂಗಿ ತಟ್ಟನೆ ತೋಳು ಹಿಡಿದು ತಡೆದಳು. ನೆಲವೆಲ್ಲ ಗಾಜು. ಇಬ್ಬರೂ ಬರಿಗಾಲಲ್ಲಿದ್ದರು. ಕದಲಿದರೆ ಚುಚ್ಚುತ್ತಿತ್ತು. ಹಾಗೇ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತು, ಯಾವ ಕಡೆ ಕಾಲಿಡುವುದೆಂದು ನೆಲ ನೋಡಿದರು. ಅಕ್ಕ ಬಿಕ್ಕುತ್ತಲೇ ಇದ್ದಳು, ತಂಗಿ ಅವಳನ್ನು ಸುಮ್ಮನಿರು ಎನ್ನಲಿಲ್ಲ. ಕಡೆಗೆ ಅಕ್ಕನೇ ಮೂಗು ಒರೆಸಿಕೊಂಡು, “ಆ ಮೂಲೇಲಿ ಕಡಿಮೆ ಇದೆ. ನೀನು ಅತ್ತ ಹೋಗು. ಪೊರಕೆ ಎಲ್ಲಿಟ್ಟಿದೀಯ?” ಎಂದು ಕೇಳಿದಳು.